ಪಾಳಿಯ ಹೊಂದಾಣಿಕೆ ಮತ್ತು ಶುಶ್ರೂಷಕಿಯರ ಬದ್ಧತೆ

2020ರ ಮಾರ್ಚ್ ಅಂತ್ಯದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಸೋಂಕು ಹರಡಿದಾಗ, ಹಾಸಿಗೆಗಳಷ್ಟೇ ಅವುಗಳ ಬಳಿ ನಿಲ್ಲುವ ಶುಶ್ರೂಷಕಿಯರೂ ಮುಖ್ಯರೆಂಬುದು ಇಲ್ಲಿನ ಉದ್ಯಮಿಗಳ ಅರಿವಿಗೆ ಬಂದಿರಬೇಕು. ಆದರೆ ಅವರನ್ನು ಉಳಿಸಿಕೊಳ್ಳುವುದು ನಂಜನಗೂಡು, ತಿ. ನರಸೀಪುರಗಳ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸುಲಭವಲ್ಲ. ಮೈಸೂರು ಇರುವುದು 25-30 ಕಿಲೋಮೀಟರ್ ದೂರದಲ್ಲಿ. ಅಲ್ಲಿನ ದೊಡ್ಡ ಆಸ್ಪತ್ರೆಗಳೊಡನೆ ಸಂಬಳದ ಪೈಪೋಟಿ ಇವುಗಳ ಶಕ್ತಿಗೆ ಮೀರಿದ್ದು.

ನೌಕರರ ಬದ್ಧತೆಯನ್ನು ಮೆಯರ್ ಮತ್ತು ಆಲೆನ್ ಎಂಬ ವಿದ್ವಾಂಸರು 1991ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು: ಸಂಸ್ಥೆಯ ಮೇಲಿನ ಮಮತೆಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಋಣಭಾವದಿಂದ ಉಳಿಯುವುದು. ಸಂಬಳದಲ್ಲಿ ಸೋಲುವ ಸಣ್ಣ ಆಸ್ಪತ್ರೆಗೆ ಮೊದಲನೆಯದೇ ಆಸರೆ.

2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಗಳಿಗೇರಿತು; ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. 2025ರ ನವೆಂಬರ್ 21ರಿಂದ ಈ ಸೌಲಭ್ಯಗಳು ಸಾಮಾಜಿಕ ಭದ್ರತಾ ಸಂಹಿತೆಯಡಿ ಬಂದಿವೆ. ಕೆಲಸದ ಸ್ವರೂಪ ಒಪ್ಪಿದರೆ ರಜೆಯ ನಂತರ ಮನೆಯಿಂದಲೇ ದುಡಿಯಲೂ ಅವಕಾಶವುಂಟು. ಆದರೆ ಡ್ರಿಪ್ ಹಾಕುವ ಕೆಲಸ ಮನೆಯಿಂದ ಆಗದಷ್ಟೆ! ಶುಶ್ರೂಷಕಿಗೆ ಹೊಂದಾಣಿಕೆ ಎಂದರೆ ಪಾಳಿಯ ಹೊಂದಾಣಿಕೆಯೇ. ತಿ. ನರಸೀಪುರಕ್ಕೆ ರೈಲಿಲ್ಲ, ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಹಳ್ಳಿಗೆ ಮರಳುವವಳಿಗೆ ಕೊನೆಯ ಬಸ್ಸಿನ ವೇಳೆಯೇ ನೌಕರಿಯ ಅಳತೆಗೋಲು. ಪಾಳಿಪಟ್ಟಿ ಹದಿನೈದು ದಿನ ಮೊದಲೇ ಪ್ರಕಟವಾದರೆ, ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಪಾಳಿ ಬದಲಿಸಿಕೊಳ್ಳಲು ಅನುಮತಿಯಿದ್ದರೆ, ಆಸ್ಪತ್ರೆ ತನ್ನದೆಂಬ ಭಾವನೆ ಬೆಳೆಯಲು ದಾರಿಯಾಗುತ್ತದೆ.

ಇದರಲ್ಲಿ ತೊಡಕೂ ಇದೆ. ಎಳೆಯ ಮಗುವಿನ ತಾಯಿಗೆ ಸದಾ ಬೆಳಗಿನ ಪಾಳಿ ಕೊಟ್ಟರೆ ರಾತ್ರಿ ಪಾಳಿಯ ಹೊರೆ ಅವಿವಾಹಿತರ ಹೆಗಲೇರುತ್ತದೆ. ಒಬ್ಬಳ ಮಮತೆ ಮತ್ತೊಬ್ಬಳ ಅಸಮಾಧಾನವಾಗುತ್ತದೆ. ಆದ್ದರಿಂದ ರಾತ್ರಿ ಪಾಳಿಗೆ ಪ್ರತ್ಯೇಕ ಭತ್ಯೆ ಅವಶ್ಯ.

ಈ ಭತ್ಯೆಯನ್ನು ದಂಡವೆಂದು ಭಾವಿಸುವವರು ಒಂದು ಲೆಕ್ಕ ಗಮನಿಸಬೇಕು. ತಿಂಗಳಿಗೆ 15,000 ರೂ. ಸಂಬಳದ ಹುದ್ದೆ ಒಂದು ತಿಂಗಳು ಖಾಲಿ ಬಿದ್ದು, ಉಳಿದವರಿಗೆ ದುಪ್ಪಟ್ಟು ದರದಲ್ಲಿ ಹೆಚ್ಚುವರಿ ವೇತನ ನೀಡಿದರೆ, ಉಳಿದ ಸಂಬಳ ಕಳೆದು ನಿವ್ವಳ ಹೊರೆ 15,000 ರೂ. ಹೊಸಬಳಿಂದ ಮೊದಲ ಎರಡು ತಿಂಗಳು ಅರ್ಧ ಕೆಲಸವಷ್ಟೇ ದೊರೆತರೆ ಇನ್ನೂ 15,000 ರೂ. ಒಟ್ಟು ಎರಡು ತಿಂಗಳ ಸಂಬಳ. ಲಾಭನಷ್ಟದ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಶೀರ್ಷಿಕೆಯೇ ಇಲ್ಲ. ವೇತನದ ಬಾಬ್ತಿನಲ್ಲಿ ಸದ್ದಿಲ್ಲದೆ ಸೇರಿಹೋಗುತ್ತದೆ. ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳೂ ಸಂಬಳದ ಅಂಕಿಯನ್ನು ಬದಲಿಸಿಕೊಂಡು ಇದೇ ಲೆಕ್ಕ ಹಾಕಬಹುದು.