ಮೂವತ್ತಾರು ಗಂಟೆಗಳ ಶಾಲೆ

ನಮ್ಮ ಸಾದಲಿಯ ಕಡೆ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ: ಹ್ಯಾಕಥಾನ್. ಎಂಜಿನಿಯರಿಂಗ್ ಓದುವ ಮಕ್ಕಳು ರಜೆಗೆ ಬಂದಾಗ ಆ ಮಾತನ್ನು ತರುತ್ತಾರೆ. ಅದು ಓಟವೋ ಆಟವೋ ಎಂದು ಹಿರಿಯರು ವಿಚಾರಿಸುತ್ತಾರೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನೂ ಕೆಲವರು ಅದರ ಅರ್ಥ ಕೇಳಿದ್ದುಂಟು. ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಹ್ಯಾಕ್ ಮತ್ತು ಮ್ಯಾರಥಾನ್ ಎಂಬೆರಡು ಪದಗಳು ಕೂಡಿ ಆದುದು ಈ ಮಾತು. 1999ರಲ್ಲಿ ಬಳಕೆಗೆ ಬಂದಿತು. ಹ್ಯಾಕ್ ಎಂದೊಡನೆ ಕಂಪ್ಯೂಟರಿನ ಕಳ್ಳತನ ನೆನಪಾಗುವುದು ಸಹಜ. ಇಲ್ಲಿ ಆ ಅರ್ಥವಿಲ್ಲ. ಇದ್ದ ಸಾಧನಗಳಿಂದಲೇ ಜಾಣತನದಿಂದ ಕೆಲಸ ಸಾಧಿಸುವುದು ಎಂದಷ್ಟೇ ಅರ್ಥ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನಿನಲ್ಲಿ ಇಲಾಖೆಗಳು ತಮ್ಮ ನಿಜವಾದ ತೊಡಕುಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತವೆ. ತಂಡಕ್ಕೆ 6 ಮಂದಿ. ಅವರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಬೇಕೆಂಬುದು ನಿಯಮ. ಸಾಫ್ಟ್‌ವೇರ್ ವಿಭಾಗದವರು 36 ಗಂಟೆಗಳ ಕಾಲ ಎಡೆಬಿಡದೆ ದುಡಿದು ಪರಿಹಾರದ ಮಾದರಿಯೊಂದನ್ನು ಸಿದ್ಧಪಡಿಸಿ ತೋರಿಸಬೇಕು.

ಇದರಿಂದ ಮನುಷ್ಯ ಬೆಳೆಯುವುದು ಹೇಗೆ? ಪರೀಕ್ಷೆಯ ಕೊಠಡಿಯಲ್ಲಿ ವಿದ್ಯಾರ್ಥಿ ಒಬ್ಬನೇ ಕುಳಿತು, ಬೇರೊಬ್ಬರಿಗೆ ಆಗಲೇ ತಿಳಿದಿರುವ ಉತ್ತರವನ್ನು ಬರೆಯುತ್ತಾನೆ. ಇಲ್ಲಿ ಉತ್ತರ ಯಾರಿಗೂ ತಿಳಿದಿಲ್ಲ. ತನಗೆ ಬಾರದುದನ್ನು ಪಕ್ಕದವರನ್ನು ಕೇಳಬೇಕು. ತಾನು ಮೆಚ್ಚಿದ ಯೋಚನೆ ಸಮಯಕ್ಕೆ ಮುಗಿಯದೆಂದು ಕಂಡರೆ ನಡುರಾತ್ರಿಯಲ್ಲಿ ಅದನ್ನು ಕೈಬಿಡಬೇಕು. ವಿನಯವನ್ನು ಕಲಿಸಲು ಇದಕ್ಕಿಂತ ನೇರವಾದ ದಾರಿಯನ್ನು ತರಗತಿಯಲ್ಲಿ ನಾನು ಕಂಡಿಲ್ಲ.

ರೇಷ್ಮೆ ಸೀಮೆಯವರಾದ ನಮಗೆ ಇದು ತೀರ ಅಪರಿಚಿತವಲ್ಲ. ಕೊನೆಯ ಹಂತದ ಏಳೆಂಟು ದಿನಗಳಲ್ಲಿ ಹುಳು, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ತಿಂದುಬಿಡುತ್ತದೆ. ಮನೆಮಂದಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆಮೇಲೆ ಶಿಡ್ಲಘಟ್ಟದ ಮಾರುಕಟ್ಟೆಯ ಹರಾಜಿನಲ್ಲಿ ನಮ್ಮ ಶ್ರಮವನ್ನು ಯಾರೂ ಕೇಳುವುದಿಲ್ಲ, ಗೂಡನ್ನು ನೋಡುತ್ತಾರೆ.

ಹ್ಯಾಕಥಾನಿನ ಮಾದರಿಯನ್ನೇ ನೆಚ್ಚಿ ಕೆಲವರು ನವೋದ್ಯಮಕ್ಕೆ ಇಳಿಯುತ್ತಾರೆ. ಅಲ್ಲಿ ಗಂಟೆಗಳ ಲೆಕ್ಕ ವರುಷಗಳದಾಗುತ್ತದೆ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರನ್ನು ನೋಡಿ. ಸೈನ್ಯ ಬಿಟ್ಟು ಹಾಸನ ಜಿಲ್ಲೆಯಲ್ಲಿ ಬೇಸಾಯಕ್ಕೆ ನಿಂತ ಅವರು ಹಲವು ಕಸುಬುಗಳನ್ನು ಹಿಡಿದು ನೋಡಿದರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಸೇವೆಯನ್ನು ಆರಂಭಿಸಿದರು. ನಷ್ಟದಲ್ಲಿದ್ದ ಆ ಸಂಸ್ಥೆ 2008ರಲ್ಲಿ ಕಿಂಗ್‌ಫಿಷರಿನೊಡನೆ ವಿಲೀನವಾಯಿತು. ಆದರೂ ಸಾಮಾನ್ಯನಿಗೂ ವಿಮಾನ ಎಟುಕಬೇಕೆಂಬ ವಿಚಾರ ಅಳಿಯಲಿಲ್ಲ.

ಸೋತು ಊರಿಗೆ ಮರಳಿದ ಮಕ್ಕಳನ್ನು ನಾವು ನೋಡುವ ಬಗೆಯೇ ಬೇರೆ. “ಇದ್ದ ಕೆಲಸ ಬಿಟ್ಟು ಕೆಟ್ಟ” ಎಂಬ ಮಾತು ಕ್ಷಣದಲ್ಲಿ ಹೊರಡುತ್ತದೆ. ರೇಷ್ಮೆ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಆ ಅವಸ್ಥೆಗೆ ನಮ್ಮಲ್ಲಿ ಜ್ವರವೆಂದೇ ಹೆಸರು. ಆಗ ಅದು ತಿನ್ನದು, ಕದಲದು. ಕಾಯಿಲೆ ಬಿದ್ದಂತೆಯೇ ತೋರುತ್ತದೆ. ಬಲ್ಲ ರೈತ ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದೂ ಇಲ್ಲ. ಹಳೆಯ ಚರ್ಮ ಸಾಲದಾಗಿದೆ, ಹುಳು ಬೆಳೆಯುತ್ತಿದೆ ಎಂಬುದು ಅವನಿಗೆ ಗೊತ್ತು.

ಹಾಗೆಂದು ಮನೆಯ ಜಮೀನನ್ನು ಅಡವಿಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ಹಣ, ಎಷ್ಟು ಕಾಲ ಎಂಬುದನ್ನು ಮಕ್ಕಳೂ ಹಿರಿಯರೂ ಮೊದಲೇ ಕುಳಿತು ಗೊತ್ತುಮಾಡಿಕೊಳ್ಳಲಿ. ಆ ಗಡುವಿನೊಳಗೆ ಸೋತು ಬಂದ ಮಗನನ್ನಾಗಲಿ ಮಗಳನ್ನಾಗಲಿ “ಎಷ್ಟು ಕಳೆದೆ?” ಎಂದು ಕೇಳುವ ಮೊದಲು “ಏನು ಕಲಿತೆ?” ಎಂದು ಕೇಳೋಣ. ಉತ್ತರವನ್ನು ಕೇಳುವಷ್ಟು ಹೊತ್ತು ಸುಮ್ಮನಿರೋಣ.