ಭಾಗಕ್ಕೆ ಸಿಕ್ಕದ ಸಂಖ್ಯೆ

ಬಾನುಲಿಯಲ್ಲಿ ಕರಿಹಲಗೆಯಿಲ್ಲ, ಆದುದರಿಂದ ಶ್ರೋತೃಗಳು ಒಂದು ಚೌಕವನ್ನು ಮನಸ್ಸಿನಲ್ಲಿಯೇ ಬರೆದುಕೊಳ್ಳಬೇಕು. ಅದರ ಒಂದೊಂದು ಭುಜವೂ ಒಂದು ಗಜ. ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದವೆಷ್ಟು? ಕರ್ಣದ ಮೇಲೆ ಕಟ್ಟಿದ ಚೌಕ ಮೊದಲಿನದರ ಎರಡರಷ್ಟಿರುತ್ತದೆ. ಆದ್ದರಿಂದ ಉತ್ತರ ಎರಡರ ವರ್ಗಮೂಲ. ಹೆಸರು ಹೇಳಿದ್ದಾಯಿತು. ಆದರೆ ಆ ಸಂಖ್ಯೆ ಯಾವುದು?

ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿದಾಗ ಲಭಿಸುವುದು ಭಾಗಲಬ್ಧ ಸಂಖ್ಯೆ. ಹಾಗೆ ಎಂದಿಗೂ ಲಭಿಸದಿರುವುದು ಅಭಾಗಲಬ್ಧ. ದಶಮಾಂಶದ ಅಂಕೆಗಳು ಮುಗಿಯದೆ ಸಾಗಿದರೆ ಸಂಖ್ಯೆ ಅಭಾಗಲಬ್ಧವೆಂದು ಹಲವರು ತಿಳಿಯುವುದುಂಟು. ಅದು ಸರಿಯಲ್ಲ. ಒಂದನ್ನು ಏಳರಿಂದ ಭಾಗಿಸಿ ನೋಡಿ: 142857 ಎಂಬ ಆರು ಅಂಕೆಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ಭಾಗ ಮುಗಿಯದಿದ್ದರೆ ಉಳಿಯಬಲ್ಲ ಶೇಷಗಳು ಒಂದರಿಂದ ಆರರವರೆಗೆ ಮಾತ್ರ. ಒಮ್ಮೆ ಬಂದ ಶೇಷ ಮತ್ತೆ ಬಂದೇ ತೀರಬೇಕು, ಅದರೊಡನೆ ಹಳೆಯ ಅಂಕೆಗಳೂ ಮರಳಬೇಕು. ಅಭಾಗಲಬ್ಧ ಸಂಖ್ಯೆಗೆ ಮುಕ್ತಾಯವೂ ಇಲ್ಲ, ಈ ಆವರ್ತನೆಯೂ ಇಲ್ಲ.

ಯಜ್ಞವೇದಿಗಳ ಅಳತೆಯನ್ನು ವಿಧಿಸುವ ಬೌಧಾಯನ ಶುಲ್ಬಸೂತ್ರ ನಮ್ಮ ಕರ್ಣಕ್ಕೆ ಒಂದು ಮಾನವನ್ನು ಕೊಡುತ್ತದೆ. ಭುಜಕ್ಕೆ ಅದರ ಮೂರರಲ್ಲೊಂದು ಪಾಲನ್ನು ಕೂಡಿಸಬೇಕು; ಆ ಪಾಲಿನ ನಾಲ್ಕರಲ್ಲೊಂದನ್ನು ಕೂಡಿಸಬೇಕು; ಈ ಕೊನೆಯದರ ಮೂವತ್ತನಾಲ್ಕರಲ್ಲೊಂದನ್ನು ಕಳೆಯಬೇಕು. ಲೆಕ್ಕ ಹಾಕಿದರೆ 577ನ್ನು 408ರಿಂದ ಭಾಗಿಸಿದಷ್ಟಾಗುತ್ತದೆ. 577ರ ವರ್ಗ 332929. 408ರ ವರ್ಗದ ಇಮ್ಮಡಿ 332928. ಮೂರು ಲಕ್ಷವನ್ನು ಮೀರಿದ ಲೆಕ್ಕದಲ್ಲಿ ಹೆಚ್ಚಾದದ್ದು ಬರಿಯ ಒಂದು! ಸೂತ್ರ ಇದನ್ನು ‘ಸವಿಶೇಷ’ವೆಂದು ಕರೆದಿದೆ. ಅಳತೆಯಲ್ಲಿ ಕಿಂಚಿತ್ ವ್ಯತ್ಯಾಸ ಉಳಿದಿದೆಯೆಂಬ ಅರಿವು ಆ ಪದದಲ್ಲಿದೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ; ಇರಬಹುದು. ಆದರೆ ಆ ವ್ಯತ್ಯಾಸ ಎಂದಿಗೂ ಅಳಿಯದೆಂಬ ರುಜುವಾತು ಅಲ್ಲಿಲ್ಲ. ಸ್ವದೇಶಾಭಿಮಾನಕ್ಕಾಗಿ ಅದನ್ನು ಅಲ್ಲಿ ಓದಿಕೊಳ್ಳುವುದು ನನಗೆ ಸಮ್ಮತವಲ್ಲ.

ರುಜುವಾತು ಗ್ರೀಕರದು, ಅರಿಸ್ಟಾಟಲನು ಅದನ್ನು ಉಲ್ಲೇಖಿಸಿದ್ದಾನೆ. ಕರ್ಣದ ಉದ್ದ ಒಂದು ಭಿನ್ನರಾಶಿಯೇ ಎಂದಿಟ್ಟುಕೊಳ್ಳೋಣ. ಸಾಧ್ಯವಾದಷ್ಟು ಸಂಕ್ಷೇಪಿಸಿದ ಮೇಲೆ ಅದರ ಅಂಶ, ಛೇದ ಎರಡೂ ಒಟ್ಟಿಗೆ ಸಮಸಂಖ್ಯೆಗಳಾಗಿರಲಾರವು. ಅಂಶದ ವರ್ಗ ಛೇದದ ವರ್ಗದ ಇಮ್ಮಡಿಯಾದ್ದರಿಂದ ಅದು ಸಮ. ಬೆಸದ ವರ್ಗ ಬೆಸವೇ. ಹಾಗಾಗಿ ಅಂಶವೂ ಸಮ. ಸಮಸಂಖ್ಯೆಯ ವರ್ಗ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅದರ ಅರ್ಧವಾದ ಛೇದದ ವರ್ಗ ಸಮ, ಆದ್ದರಿಂದ ಛೇದವೂ ಸಮ. ಎರಡೂ ಸಮವಾಗಲಾರವೆಂದು ಹೊರಟವರು ಎರಡೂ ಸಮವೆಂಬಲ್ಲಿಗೆ ಬಂದು ನಿಂತೆವು. ಅಂಥ ಭಿನ್ನರಾಶಿಯೇ ಇಲ್ಲ! ಒಂದೊಂದನ್ನೂ ಪರೀಕ್ಷಿಸುವ ಗೋಜಿಲ್ಲದೆ, ಅನಂತ ಭಿನ್ನರಾಶಿಗಳನ್ನು ನಾಲ್ಕು ವಾಕ್ಯಗಳಲ್ಲಿ ತಳ್ಳಿಹಾಕಿದ ತರ್ಕವಿದು.

ಇಂಥದನ್ನು ಗ್ರೀಕರು ‘ಅಲೊಗೊಸ್’ ಎಂದರು. ‘ಲೊಗೊಸ್’ ಎಂದರೆ ಅನುಪಾತವೂ ಹೌದು, ಮಾತೂ ಹೌದು. ಅರಬ್ಬರು ಇದಕ್ಕೆ ‘ಕಿವುಡು’ ಎಂಬರ್ಥದ ಪದವನ್ನು ಬಳಸಿದರು. ಲ್ಯಾಟಿನ್ ಅನುವಾದಕರು ಅದನ್ನೇ ‘ಸುರ್ಡುಸ್’ ಎಂದರು. ಇಂಗ್ಲಿಷಿನ ‘ಸರ್ಡ್’ ಅಲ್ಲಿಂದ ಬಂದದ್ದು. ನಮ್ಮ ಪ್ರಾಚೀನರ ‘ಕರಣಿ’ಗೆ ಇಂಥ ಅಂಗವೈಕಲ್ಯವಿಲ್ಲ.

ಶಾಲೆಯಲ್ಲಿ ಕಲಿತ 22/7 ಭಾಗಲಬ್ಧ, ಪೈ ಅಲ್ಲ. ಅದನ್ನು ಲ್ಯಾಂಬರ್ಟ್ 1761ರಲ್ಲಿ ಸಾಧಿಸಿದನು. ಆ ಪೈಗೆ ‘ಇ’ ಎಂಬ ಇನ್ನೊಂದು ಅಭಾಗಲಬ್ಧ ಸಂಖ್ಯೆಯನ್ನು ಕೂಡಿಸಿದರೆ ಬರುವ ಮೊತ್ತ ಭಾಗಲಬ್ಧವೋ ಅಲ್ಲವೋ ಎಂಬುದನ್ನು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ.