ಚರಂಡಿಗೆ ಹಣವಿದೆ, ಕೇಳುವವರು ಬೇಕು

ಮಳೆಗಾಲ ಹಿಡಿಯಿತೆಂದರೆ ದವಾಖಾನೆಗಳ ಮುಂದೆ ಸಾಲು ಉದ್ದವಾಗುತ್ತದೆ. ಒಂದೇ ಮನೆಯಿಂದ ಮೂವರು, ಒಂದೇ ಓಣಿಯಿಂದ ಹತ್ತು ಮಂದಿ. ವಾಂತಿಭೇದಿ, ಟೈಫಾಯಿಡ್, ಯುನಾನಿಯಲ್ಲಿ ಯರ್ಖಾನ್ ಎನ್ನುವ ಕಾಮಾಲೆ. ಔಷಧ ಕೊಟ್ಟು ಪಥ್ಯ ಹೇಳಿ ಕಳಿಸುತ್ತೇವೆ. ಆದರೆ ರೋಗಿ ಮರಳುವುದು ಅದೇ ಓಣಿಗೆ, ಕುಡಿಯುವುದು ಅದೇ ನಲ್ಲಿಯ ನೀರನ್ನು.

ಆರೋಗ್ಯಕ್ಕೆ ಆರು ಅಗತ್ಯಗಳಿವೆ ಎಂದು ಯುನಾನಿ ವೈದ್ಯ ಪದ್ಧತಿ ಹೇಳುತ್ತದೆ. ಇದಕ್ಕೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ಅದರಲ್ಲಿ ಮೊದಲನೆಯದು ಸುತ್ತಲಿನ ಗಾಳಿ, ಎರಡನೆಯದು ಅನ್ನಪಾನ. ಸಾವಿರ ವರ್ಷದ ಹಿಂದೆಯೇ ಇಬ್ನ್ ಸೀನಾ ನೀರಿನ ಬಗೆಗಳನ್ನು ವಿಂಗಡಿಸಿ, ನಿಂತ ನೀರು ಕೆಟ್ಟದ್ದೆಂದು ಎಚ್ಚರಿಸಿದ್ದರು. ಮನೆಯ ಮುಂದೆ ಕೊಳಚೆ ನಿಂತಿದ್ದರೆ ಈ ಎರಡೂ ಕೆಡುತ್ತವೆ.

ಕೊಳಚೆ ನಲ್ಲಿಗೆ ಬರುವ ದಾರಿ

ನಮ್ಮ ಎಷ್ಟೋ ಊರುಗಳಲ್ಲಿ ನಲ್ಲಿಯ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಮನೆಗೆ ಬರುವ ಪೈಪು ಚರಂಡಿಯ ಪಕ್ಕದಲ್ಲೋ ಒಳಗೋ ಹಾದಿರುತ್ತದೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಬಿರುಕು ಅಥವಾ ಸಡಿಲ ಜೋಡಣೆಯ ಮೂಲಕ ಹೊರಗಿನ ಕೊಳಚೆ ಒಳಸೇರುತ್ತದೆ. ಮರುದಿನ ಮೊದಲ ಕೊಡದಲ್ಲಿ ಬರುವುದು ಅದೇ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಬಾರದು.

ನಿಂತ ಕೊಳಚೆಯಲ್ಲಿ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಆನೆಕಾಲು ರೋಗ ಹರಡುವುದು ಇದೇ ಸೊಳ್ಳೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಈ ಕಾಯಿಲೆ ಹೊಸತಲ್ಲ. ಆದರೆ ಡೆಂಗಿಯ ಸೊಳ್ಳೆ ಬೆಳೆಯುವುದು ಹೆಚ್ಚಾಗಿ ತಿಳಿನೀರಿನಲ್ಲಿ. ಚರಂಡಿ ಸರಿಯಾದರೂ ಮನೆಯ ಡ್ರಮ್ಮು, ತೊಟ್ಟಿ ಮುಚ್ಚಿಡುವ ಕೆಲಸ ತಪ್ಪುವುದಿಲ್ಲ.

ಹಣ ಎಲ್ಲಿದೆ?

“ಪಂಚಾಯತಿಯಲ್ಲಿ ದುಡ್ಡಿಲ್ಲ” ಎಂಬ ಉತ್ತರ ಕೇಳಿ ಅನೇಕರು ಸುಮ್ಮನಾಗುತ್ತಾರೆ. ಲೆಕ್ಕ ಹೀಗಿದೆ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಡಿಸಿದ ಅನುದಾನದಲ್ಲಿ ಶೇ. 60ರಷ್ಟು ಇಂಥದ್ದಕ್ಕೇ ಎಂದು ಮೀಸಲು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ.

ಇದರ ಜೊತೆಗೆ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತವಿದೆ. ಬಚ್ಚಲು ಮತ್ತು ಅಡುಗೆಮನೆಯಿಂದ ಹೊರಬರುವ ಬೂದುನೀರಿನ ನಿರ್ವಹಣೆಗೆ 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ತಲಾ ರೂ. 280ರವರೆಗೆ, ಅದಕ್ಕಿಂತ ದೊಡ್ಡ ಹಳ್ಳಿಗೆ ತಲಾ ರೂ. 660ರವರೆಗೆ ಖರ್ಚು ಮಾಡಲು ಅದರಲ್ಲಿ ಅವಕಾಶ ಕೊಡಲಾಗಿದೆ. 3,000 ಜನರಿರುವ ಹಳ್ಳಿಗೆ ಇದು ರೂ. 8,40,000 ಆಗುತ್ತದೆ. ಇದರಲ್ಲಿ ಶೇ. 30, ಅಂದರೆ ರೂ. 2,52,000, ಹಣಕಾಸು ಆಯೋಗದ ಅನುದಾನದಿಂದ ಪಂಚಾಯತಿ ಭರಿಸಬೇಕು. ಪಟ್ಟಣಗಳಿಗೂ ದಾರಿಯಿದೆ. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ ನಗರ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಕೊಳಚೆ ನೀರಿನ ನಿರ್ವಹಣೆಯೂ ಸೇರಿದೆ.

ಏನು ಕೇಳಬೇಕು, ಎಲ್ಲಿ ಕೇಳಬೇಕು?

ಸದಸ್ಯರ ಮನೆ ಬಾಗಿಲಲ್ಲಿ ಬಾಯಿಮಾತಿನಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತದೆ. ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು, ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ನಂತರ ಅದು ಪಂಚಾಯತಿಯ ಕ್ರಿಯಾ ಯೋಜನೆಗೆ ಸೇರಿತೇ, ಹಣ ಖರ್ಚಾಯಿತೇ ಎಂಬುದನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಾಲೇಜಿಗೆ ಹೋಗುವ ನಿಮ್ಮ ಮಗನಿಗೋ ಮಗಳಿಗೋ ಈ ಕೆಲಸ ವಹಿಸಿ.

ಬರೀ “ಸಿಮೆಂಟ್ ಚರಂಡಿ ಮಾಡಿಕೊಡಿ” ಎಂದರೆ ಸಾಲದು. “ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿ. ನಮ್ಮ ಓಣಿಯ ಕೊಳಚೆ ಪಕ್ಕದ ಓಣಿಗೋ ಕೆರೆಗೋ ಸೇರಿದರೆ ರೋಗ ಹೋಗುವುದಿಲ್ಲ, ಮನೆ ಬದಲಿಸುತ್ತದೆ ಅಷ್ಟೆ. ಕುಡಿಯುವ ನೀರಿನ ಪೈಪನ್ನು ಚರಂಡಿಯಿಂದ ಬೇರ್ಪಡಿಸುವ ಕೆಲಸವನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.

ಜಾಗವಿರುವ ಮನೆಗಳಿಗೆ ಬಚ್ಚಲುಗುಂಡಿ ಒಳ್ಳೆಯ ಉಪಾಯ. ನರೇಗಾ ನೆರವಿನಿಂದ ರಾಜ್ಯದ ಅನೇಕ ಹಳ್ಳಿಗಳಲ್ಲಿ ಇವನ್ನು ಕಟ್ಟಲಾಗಿದೆ. ಗುಂಡಿ ಬಾವಿ, ಕೊಳವೆಬಾವಿಗಳಿಂದ ದೂರವಿರಲಿ. ಶೌಚಾಲಯದ ನೀರು ಅದಕ್ಕೆ ಸೇರಲೇಕೂಡದು. ಎರೆಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ, ಅಲ್ಲಿ ಇಂಜಿನಿಯರರ ಸಲಹೆ ಪಡೆದೇ ಮುಂದುವರಿಯಿರಿ. ಮಸೀದಿಗಳ ವುಝೂ ನೀರು ಕೂಡ ಬೂದುನೀರೇ. ದಿನಕ್ಕೆ ಐದು ಹೊತ್ತು ಹರಿಯುವ ಆ ನೀರನ್ನು ತೆರೆದ ಚರಂಡಿಗೆ ಬಿಡುವ ಬದಲು ಇಂಗುಗುಂಡಿಗೋ ಗಿಡಗಳಿಗೋ ತಿರುಗಿಸಿದರೆ ನೆರೆಯವರಿಗೂ ಉಪಕಾರವಾಗುತ್ತದೆ.

ನೀರು ಎಲ್ಲಿ ನಿಲ್ಲುತ್ತದೆ, ನಲ್ಲಿಯಲ್ಲಿ ಯಾವ ದಿನ ವಾಸನೆ ಬರುತ್ತದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸಭೆಗೆ ಅವರು ಬರಲೇಬೇಕು. ಸಭೆಯ ದಿನಾಂಕವನ್ನು ಜುಮಾ ನಮಾಝಿನ ನಂತರ ಮಸೀದಿಯಲ್ಲಿ ತಿಳಿಸಿದರೆ ಮನೆಮನೆಗೆ ಸುದ್ದಿ ತಲುಪುತ್ತದೆ.

ಕಾಮಗಾರಿ ಮುಗಿಯುವವರೆಗೆ ನಲ್ಲಿ ಬಂದ ಕೂಡಲೇ ಬರುವ ನೀರನ್ನು ಕುಡಿಯಲು ಹಿಡಿಯಬೇಡಿ. ಕುಡಿಯುವ ನೀರು ಕುದ್ದು ಆರಿದ್ದಾಗಿರಲಿ. ಭೇದಿಯಾದರೆ ತಡಮಾಡದೆ ಓಆರ್‌ಎಸ್ ಕೊಡಿ. ಕಾಮಾಲೆಯವರಿಗೆ ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ ಅಥವಾ ಅವರು ಗರ್ಭಿಣಿಯಾಗಿದ್ದರೆ ಮನೆಮದ್ದು, ನಾಟಿ ಔಷಧ ಎಂದು ಕಾಯದೆ ಕೂಡಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.